ಕಶೇರುಮಣಿಯ ಕುಸಿತ ಮತ್ತು ಅದರ ಕಾರಣನಿರ್ಣಯ

2010ನೆಯ ಇಸವಿಯ ಮೇ 26ರಂದು ಶ್ರೀಕಾಳಹಸ್ತಿಯ ರಾಜಗೋಪುರವು ಕುಸಿದುಬಿದ್ದಿತು. ಕೃಷ್ಣದೇವರಾಯನು 1516ರಲ್ಲಿ ಕಟ್ಟಿಸಿದ ಗೋಪುರವದು. ಅದರಲ್ಲಿ ಬಿರುಕು ಬಿಟ್ಟಿದ್ದುದು ಮೊದಲೇ ಕಣ್ಣಿಗೆ ಬಿದ್ದಿದ್ದಿತು. ಹಳೆಯದಾಗಿತ್ತು, ಬಿದ್ದಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದಕ್ಕಿಂತ ಏಳುನೂರಕ್ಕೂ ಹೆಚ್ಚು ವರ್ಷ ಹಿರಿಯವಾದ ಪಟ್ಟದಕಲ್ಲಿನ ವಿಮಾನಗಳು ಇಂದಿಗೂ ನಿಂತಿವೆ. ಆದಕಾರಣ ವಯಸ್ಸೆಂಬುದು ಪತನಕ್ಕೆ ಅನುಕೂಲವಾದ ಸನ್ನಿವೇಶವೇ ಹೊರತು ತಾನೇ ಕಾರಣವಾಗಲಾರದು. ಅಡಿಪಾಯವೋ, ನೆಲದೊಳಗಿನ ನೀರೋ, ಗಾರೆಯ ದೌರ್ಬಲ್ಯವೋ, ಯಾವುದಾದರೊಂದು ನಿರ್ದಿಷ್ಟ ಕಾರಣವನ್ನು ಹುಡುಕಲೇಬೇಕಾಗುತ್ತದೆ. ಮನುಷ್ಯನ ಬೆನ್ನೆಲುಬಿನಲ್ಲಿ ಮಣಿಯೊಂದು ಕುಸಿದಾಗಲೂ ಇದೇ ಪ್ರಶ್ನೆ ಏಳುತ್ತದೆ. ಇದೇ ತಪ್ಪು ಉತ್ತರವೂ ಬಾಯಿಗೆ ಬರುತ್ತದೆ.

ಚರಿತ್ರೆಯ ಅಧ್ಯಾಪಕರಾದ ನಾವು ವೈದ್ಯವಿಷಯವನ್ನು ಕೈಗೆತ್ತಿಕೊಂಡುದಕ್ಕೆ ವಾಚಕರು ಕಾರಣ ಕೇಳುವುದು ನ್ಯಾಯವೇ. ನಮಗೆ ಶಾಸನಗಳನ್ನು ಓದಲು ಕಲಿಸಿದ ಹಿರಿಯರೊಬ್ಬರು, ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ, ಅಟ್ಟದಿಂದ ಪುಸ್ತಕದ ಕಟ್ಟೊಂದನ್ನು ಇಳಿಸುವಾಗ ನಡುಬೆನ್ನಿನಲ್ಲಿ ಫಕ್ಕನೆ ನೋವು ಕಾಣಿಸಿಕೊಂಡು ಕುಳಿತುಬಿಟ್ಟರು. ಕ್ಷ-ಕಿರಣದ ಚಿತ್ರದಲ್ಲಿ ಸೊಂಟದ ಮೊದಲನೆಯ ಮಣಿ ಕುಸಿದಿರುವುದು ಕಂಡಿತು. ವಯಸ್ಸಾಯಿತು, ಮೂಳೆ ಸವೆದಿದೆ ಎಂದು ಅವರಿಗೆ ಹೇಳಲಾಯಿತು. ಸುಣ್ಣದ ಗುಳಿಗೆಗಳೂ ಬೆನ್ನಿಗೆ ಪಟ್ಟಿಯೂ ದೊರೆತವು. ನಾಲ್ಕು ತಿಂಗಳು ಕಳೆಯಿತು. ನೋವು ಇಳಿಯಲಿಲ್ಲ, ಮುಖ ಬಿಳಿಚಿತು, ಮೆಟ್ಟಿಲೇರಿದರೆ ಏದುಸಿರು ಬರುತ್ತಿತ್ತು. ಬೇರೊಬ್ಬ ವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷೆಗೆ ಕಳುಹಿದಾಗ ತಿಳಿದುದು, ರೋಗವು ಮೂಳೆಯ ಹೊರಗೋಡೆಯದಲ್ಲ, ಒಳಗಿನ ಮಜ್ಜೆಯದು ಎಂದು. “ಲಿಪಿಯೊಂದನ್ನೇ ನೋಡಿ ಶಾಸನದ ಕಾಲವನ್ನು ಹೇಳಬೇಡಿರೆಂದು ನಿಮಗೆ ಪಾಠ ಹೇಳಿದವನು ನಾನು. ನನ್ನ ಬೆನ್ನಿನ ವಿಷಯದಲ್ಲಿ ನಾನೇ ಅದನ್ನು ಮರೆತೆನಲ್ಲಪ್ಪ” ಎಂದು ಅವರು ನಮ್ಮೊಡನೆ ಹೇಳಿದರು. ಆ ಮಾತೇ ಈ ಲೇಖನಕ್ಕೆ ಮೂಲ. ವೈದ್ಯರಿಗೆ ಬುದ್ಧಿ ಹೇಳುವುದು ನಮ್ಮ ಉದ್ದೇಶವಲ್ಲ. ಕುಸಿತವೆಂಬ ಒಂದೇ ಕಾರ್ಯಕ್ಕೆ ಬೇರೆಬೇರೆ ಕಾರಣಗಳುಂಟೆಂಬ ತಿಳಿವಳಿಕೆಯು ಹೇಗೆ ಕ್ರಮಕ್ರಮವಾಗಿ ಬೆಳೆಯಿತು, ಇಂದು ಆ ಕಾರಣಗಳನ್ನು ಹೇಗೆ ಬೇರ್ಪಡಿಸುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ರಚನೆಯ ವಿಷಯ. ಕತ್ತಿನಲ್ಲಿ ಏಳು, ಎದೆಯ ಭಾಗದಲ್ಲಿ ಹನ್ನೆರಡು, ಸೊಂಟದಲ್ಲಿ ಐದು, ಹೀಗೆ ಇಪ್ಪತ್ತನಾಲ್ಕು ಮಣಿಗಳು ಒಂದರ ಮೇಲೊಂದು ಕುಳಿತು ಬೆನ್ನೆಲುಬಾಗಿವೆ. ಅದರ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿಯಿದೆ. ಪ್ರತಿಯೊಂದು ಕಶೇರುಮಣಿಯ ಮುಂಭಾಗದಲ್ಲಿ ಭಾರ ಹೊರುವ ದಪ್ಪನೆಯ ಕಾಯವೂ ಹಿಂಭಾಗದಲ್ಲಿ ಬೆನ್ನುಹುರಿಯನ್ನು ಕಾಯುವ ಕಮಾನೂ ಇವೆ. ಇವೆರಡನ್ನೂ ಕೂಡಿಸುವ ಎರಡು ಗಿಡ್ಡ ಕಂಬಗಳಿಗೆ ವೃಂತಗಳೆಂದು ಹೆಸರು. ಕಾಯವು ಘನವಾದ ಮೂಳೆಯಲ್ಲ. ತೆಳುವಾದ ಚಿಪ್ಪಿನೊಳಗೆ ಜೇನುಗೂಡಿನಂತಹ ಎಲುಬಿನ ಜಾಲವಿದ್ದು, ಅದರ ಸಂದುಗಳಲ್ಲಿ ರಕ್ತವನ್ನು ತಯಾರಿಸುವ ಮಜ್ಜೆಯಿದೆ. ಜಾಲವು ತೆಳುವಾದರೂ, ಮಜ್ಜೆಯಲ್ಲಿ ಬೇರೆಯ ಜೀವಕೋಶಗಳು ಬೆಳೆದು ಜಾಲವನ್ನು ಕರಗಿಸಿದರೂ, ಕ್ರಿಮಿಗಳು ಹೊಕ್ಕು ಕೊಳೆಯಿಸಿದರೂ, ಕೊನೆಗೆ ನಡೆಯುವುದು ಒಂದೇ: ಮೇಲಿನ ಭಾರವನ್ನು ತಾಳಲಾರದೆ ಕಾಯವು ತಗ್ಗುತ್ತದೆ. ಮುಂಭಾಗ ಮಾತ್ರ ತಗ್ಗಿದರೆ ಬೆಣೆಯ ಆಕಾರ ಬಂದು ಬೆನ್ನು ಬಾಗುತ್ತದೆ. ಚಿತ್ರದಲ್ಲಿ ಕಾಣುವುದು ಈ ಕೊನೆಯ ದೃಶ್ಯ ಮಾತ್ರ.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ನಮ್ಮ ಜನ ‘ಸವೆತ’ ಎಂಬ ಒಂದೇ ಶಬ್ದವನ್ನು ಕೀಲುಗಳ ಸವೆತಕ್ಕೂ, ಮಣಿಗಳ ನಡುವಣ ಗಾದಿಯ ಸವೆತಕ್ಕೂ, ಮೂಳೆಯೇ ಟೊಳ್ಳಾಗುವ ಆಸ್ಟಿಯೊಪೊರೋಸಿಸಿಗೂ ಬಳಸುತ್ತಾರೆ. ಮೊದಲೆರಡು ನಡುವಯಸ್ಸಿನ ಬಹುಮಂದಿಯಲ್ಲಿ ಇರತಕ್ಕವು, ಅವುಗಳಿಂದ ಮಣಿ ಕುಸಿಯುವುದಿಲ್ಲ. ‘ಸವೆತವಂತೆ’ ಎಂದು ಮನೆಯವರು ಸಮಾಧಾನಗೊಂಡ ಕಡೆ ಯಾವ ಸವೆತವೆಂದು ಕೇಳುವವರಿಲ್ಲ.

ಕುಸಿತಕ್ಕೆ ರೋಗವನ್ನು ಕಾರಣವಾಗಿ ತೋರಿಸಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನ ಹೆಸರು ಪ್ರಸಿದ್ಧವಾದುದು. 1779ರಲ್ಲಿ ಈತನು ಗೂನುಬೆನ್ನಿನೊಡನೆ ಕಾಲುಗಳ ಶಕ್ತಿಯುಡುಗುವ ರೋಗವನ್ನು ವರ್ಣಿಸಿದನು. ಬೆನ್ನು ಬಾಗಿದುದರಿಂದ ರೋಗ ಬಂದುದಲ್ಲ, ಮೂಳೆ ಮೊದಲೇ ಕೆಟ್ಟುದರಿಂದ ಬೆನ್ನು ಬಾಗಿತು ಎಂಬುದು ಆತನ ಮುಖ್ಯ ವಾದ. ಕಣ್ಣಿಗೆ ಕಾಣುವ ವಿಕಾರವನ್ನೇ ಕಾರಣವೆಂದು ಎಣಿಸಬಾರದೆಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ. ಆದರೆ ಮೂಳೆ ಕೆಟ್ಟುದಾದರೂ ಏತರಿಂದ? ಅದು ಕ್ಷಯವೆಂಬುದು ಪಾಟನಿಗೆ ತಿಳಿದಿರಲಿಲ್ಲ. ರಾಬರ್ಟ್ ಕಾಖ್ 1882ರ ಮಾರ್ಚಿ 24ರಂದು ಬರ್ಲಿನ್ನಿನಲ್ಲಿ ಕ್ಷಯದ ಕ್ರಿಮಿಯನ್ನು ಕಂಡುದನ್ನು ಪ್ರಕಟಿಸುವವರೆಗೆ ಅದಕ್ಕೆ ಖಚಿತವಾದ ಪ್ರಮಾಣ ದೊರೆಯುವಂತಿರಲಿಲ್ಲ. ಆದರೂ ರೋಗಕ್ಕೆ ಪಾಟನ ಹೆಸರೇ ನಿಂತಿದೆ.

ಈ ರೋಗದ ಪ್ರಾಚೀನತೆಗೆ ನಮ್ಮ ಶಾಸ್ತ್ರದ ಕಡೆಯಿಂದಲೂ ಸಾಕ್ಷ್ಯವುಂಟು. ಈಜಿಪ್ಟಿನ ಇಪ್ಪತ್ತೊಂದನೆಯ ರಾಜವಂಶದ ಕಾಲದ, ಎಂದರೆ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ, ಅಮೋನ್ ದೇವರ ಅರ್ಚಕನಾದ ನೆಸ್ಪೆರೆಹಾನ್ ಎಂಬಾತನ ಸಂರಕ್ಷಿತ ದೇಹವನ್ನು ಗ್ರಾಫ್ಟನ್ ಎಲಿಯಟ್ ಸ್ಮಿತ್ ಮತ್ತು ಮಾರ್ಕ್ ಆರ್ಮಂಡ್ ರಫರ್ ಎಂಬುವರು 1910ರಲ್ಲಿ ವರ್ಣಿಸಿದರು. ಎದೆಯ ಭಾಗದ ಮಣಿಗಳು ಕುಸಿದು ಬೆನ್ನು ಚೂಪಾಗಿ ಬಾಗಿದ್ದಿತು. ಅಷ್ಟರಿಂದಲೇ ಅವರು ಕ್ಷಯವೆಂದು ತೀರ್ಮಾನಿಸಲಿಲ್ಲ. ಬೆನ್ನೆಲುಬಿನ ಪಕ್ಕದಿಂದ ತೊಡೆಯ ಕಡೆಗಿಳಿಯುವ ಸ್ನಾಯುವಿನಲ್ಲಿ ಹಳೆಯ ಕೀವುಗಡ್ಡೆಯ ಚಿಹ್ನೆಯೂ ಇದ್ದಿತೆಂಬುದೇ ಅವರ ವಾದದ ಬಲ. ಕುಸಿತದ ಜೊತೆಗೆ ಬೇರೊಂದು ಸ್ವತಂತ್ರ ಸಾಕ್ಷ್ಯವನ್ನು ಹುಡುಕುವ ಈ ಕ್ರಮವನ್ನು ಮುಂದೆಯೂ ಕಾಣುವೆವು.

ಎರಡನೆಯ ಕಥೆಯೂ ಲಂಡನ್ನಿನದೇ, ನಮ್ಮ ಗುರುಗಳ ರೋಗಕ್ಕೆ ನೇರವಾಗಿ ಸಂಬಂಧಪಟ್ಟುದು. 1844ರ ಸೆಪ್ಟೆಂಬರಿನಲ್ಲಿ ದಿನಸಿ ವ್ಯಾಪಾರಿಯೊಬ್ಬನು, ವಯಸ್ಸು ನಲವತ್ತೈದರ ಒಳಗೆ, ವಿಹಾರಕ್ಕೆ ಹೋದಾಗ ಗುಹೆಯೊಂದರಿಂದ ಹೊರಕ್ಕೆ ನೆಗೆದನು. ಎದೆಯೊಳಗೆ ಏನೋ ಕಡಿದಂತಾಯಿತು. ನೋವು ಬಂದು ಹೋಗುತ್ತಲಿತ್ತು. ರಕ್ತ ತೆಗೆದರು, ಪಟ್ಟಿ ಹಾಕಿದರು, ಕಬ್ಬಿಣದ ಔಷಧವನ್ನೂ ಕ್ವಿನೈನನ್ನೂ ಕೊಟ್ಟರು. ನಡುವೆ ಸುಧಾರಿಸಿ ಆತನು ಸ್ಕಾಟ್ಲೆಂಡಿಗೂ ಹೋಗಿಬಂದನು. 1845ರ ಅಕ್ಟೋಬರಿನ ಕೊನೆಯಲ್ಲಿ ಆತನನ್ನು ಕಂಡ ವೈದ್ಯ ವಿಲಿಯಂ ಮ್ಯಾಕಿಂಟೈರ್ ಮೂತ್ರವನ್ನು ಪರೀಕ್ಷಿಸಿದನು. ಅಲ್ಲಿ ವಿಚಿತ್ರವೊಂದು ಕಂಡಿತು. ಸಾಮಾನ್ಯವಾದ ಆಲ್ಬುಮಿನ್ ಕಾಯಿಸಿದಾಗ ಹೆಪ್ಪುಗಟ್ಟಿ ಹಾಗೆಯೇ ಉಳಿಯುತ್ತದೆ. ಈ ಪದಾರ್ಥವಾದರೋ ಹೆಚ್ಚು ಕಾಯಿಸಿದಾಗ ಕರಗಿ, ಆರಿದಾಗ ಮತ್ತೆ ಹೆಪ್ಪುಗಟ್ಟುತ್ತಿತ್ತು. ಇದೇನೆಂದು ತಿಳಿಸಬೇಕೆಂಬ ಕೋರಿಕೆಯೊಡನೆ ಮಾದರಿಯು ಹೆನ್ರಿ ಬೆನ್ಸ್ ಜೋನ್ಸ್ ಎಂಬ ಮೂವತ್ತೊಂದರ ರಸಾಯನಜ್ಞ ವೈದ್ಯನ ಕೈಸೇರಿತು. ರೋಗಿಯು 1846ರ ಜನವರಿ 1ರಂದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಪಕ್ಕೆಲುಬುಗಳು ಕತ್ತಿಯ ಕೆಳಗೆ ಪುಡಿಯಾಗುವಷ್ಟು ಮೆತ್ತಗಾಗಿದ್ದುವು. ಸೊಂಟದ ಎರಡು ಮಣಿಗಳನ್ನೂ ಒಂದು ಪಕ್ಕೆಲುಬನ್ನೂ ಜಾನ್ ಡಾಲ್ರಿಂಪಲ್ ಎಂಬಾತನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಜ್ಜೆಯ ಸ್ಥಾನದಲ್ಲಿ ತುಂಬಿಕೊಂಡಿದ್ದ ಬೀಜಯುಕ್ತ ಕೋಶಗಳನ್ನು ವರ್ಣಿಸಿದನು.

ಬೆನ್ಸ್ ಜೋನ್ಸನು ಆ ಪದಾರ್ಥದ ಸ್ವರೂಪವನ್ನು ತಪ್ಪಾಗಿಯೇ ತಿಳಿದನು. ಆದರೆ ಮೂಳೆ ಮೆತ್ತಗಾದ ಇತರ ರೋಗಿಗಳಲ್ಲಿಯೂ ಇದನ್ನು ಹುಡುಕಬೇಕೆಂದು ಅವನು ಬರೆದ ಸಲಹೆ ಸರಿಯಾಗಿತ್ತು. 1873ರಲ್ಲಿ ರುಸ್ಟಿಜ್ಕಿ ಎಂಬಾತನು ಈ ರೋಗಕ್ಕೆ ಮಲ್ಟಿಪಲ್ ಮೈಲೋಮ ಎಂಬ ಹೆಸರನ್ನಿಟ್ಟನು. ಅದು ಮಜ್ಜೆಯಲ್ಲಿ ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳ ಅರ್ಬುದ. ಮೂತ್ರದಲ್ಲಿ ಇಳಿಯುವುದು ಪ್ರತಿಕಾಯದ ಲಘುಸರಪಳಿಯೆಂಬುದನ್ನು 1962ರಲ್ಲಿ ಎಡೆಲ್‌ಮನ್ ಮತ್ತು ಗ್ಯಾಲಿ ಸ್ಥಾಪಿಸಿದರು. ಒಂದು ಮೂಳೆಯ ಕಾಯಿಲೆಯ ಪತ್ತೆ ಮೂತ್ರದ ಸೀಸೆಯಲ್ಲಿ ದೊರೆತುದು ಗಮನಾರ್ಹ. ಬೆನ್ನಿನ ನೋವಿಗೆ ಬೆನ್ನನ್ನಷ್ಟೇ ನೋಡಿದರೆ ಸಾಲದು.

ಮೂರನೆಯದು ಅಮೆರಿಕದ ಹಡಗಿನ ನಾಯಕನೊಬ್ಬನ ವೃತ್ತಾಂತ. ಒಂದನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆತನಿಗೆ ಬೆನ್ನುನೋವು ಮೊದಲಾಯಿತು. ಮೂಳೆಗಳು ಮೇಲಿಂದ ಮೇಲೆ ಮುರಿದುವು. ಮಣಿಗಳು ಕುಸಿದು ಆಳಿನ ಎತ್ತರವೇ ಏಳು ಅಂಗುಲ ಕಡಿಮೆಯಾಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದನ್ನು 1926ರಲ್ಲಿ ನ್ಯೂಯಾರ್ಕಿನಲ್ಲಿ ಯೂಜೀನ್ ಡುಬಾಯ್ಸ್ ಗುರುತಿಸಿದನು. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ಕೆಲಸಮಾಡಿ ಮೂಳೆಯ ಸುಣ್ಣವನ್ನು ರಕ್ತಕ್ಕೆ ಸೆಳೆಯುತ್ತಿದ್ದುವು. ಅದರ ಹಿಂದಿನ ವರ್ಷವೇ ವಿಯೆನ್ನದಲ್ಲಿ ಫೆಲಿಕ್ಸ್ ಮಾಂಡ್ಲ್ ಇಂತಹ ಗ್ರಂಥಿಯನ್ನು ತೆಗೆದು ರೋಗಿಯ ನೋವನ್ನು ಇಳಿಸಿದ್ದನು. ಆದರೆ ನಾಯಕನ ಗಡ್ಡೆ ಕತ್ತಿನಲ್ಲಿ ಸಿಕ್ಕಲಿಲ್ಲ. 1932ರಲ್ಲಿ, ಏಳನೆಯ ಶಸ್ತ್ರಕ್ರಿಯೆಯಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅದು ಎದೆಯೊಳಗೆ ದೊರೆಯಿತು. ಕೆಲವೇ ವಾರಗಳಲ್ಲಿ ಆತನು ಮೂತ್ರಕೋಶಗಳ ಕಲ್ಲಿನ ತೊಡಕಿನಿಂದ ಮೃತನಾದನು.

ಈ ರೋಗಿಯನ್ನು ಅಭ್ಯಾಸಮಾಡಿದವರಲ್ಲಿ ಫುಲರ್ ಆಲ್ಬ್ರೈಟ್ ಒಬ್ಬನು. 1941ರಲ್ಲಿ ಮುಟ್ಟು ನಿಂತ ಸ್ತ್ರೀಯರ ಆಸ್ಟಿಯೊಪೊರೋಸಿಸನ್ನು ಪ್ರತ್ಯೇಕವಾದ ರೋಗವೆಂದು ನಿರೂಪಿಸಿದವನೂ ಅವನೇ ಎಂಬುದು ಕೇವಲ ಆಕಸ್ಮಿಕವಲ್ಲ. ರಕ್ತದ ಕ್ಯಾಲ್ಸಿಯಂ, ರಂಜಕಗಳು ಏರುಪೇರಾದ ರೋಗಗಳನ್ನು ಬದಿಗೆ ತೆಗೆದಿಟ್ಟ ಮೇಲೆಯೇ, ಅವು ಸಮಸ್ಥಿತಿಯಲ್ಲಿದ್ದೂ ಮೂಳೆಯ ರಾಶಿಯೇ ಕಡಿಮೆಯಾದ ಸ್ಥಿತಿ ಬೇರೆಯಾಗಿ ಕಾಣಲು ಸಾಧ್ಯವಾಯಿತು. ಎಂದರೆ ಇಂದು ನಾವು ಎಲ್ಲಕ್ಕಿಂತ ಮೊದಲು ಹೇಳಿಬಿಡುವ ರೋಗವು, ಹುಟ್ಟಿನಲ್ಲಿ, ಉಳಿದವನ್ನು ನಿವಾರಿಸಿದ ಮೇಲೆ ಹೇಳಬೇಕಾದ ರೋಗವಾಗಿತ್ತು.

ಅರ್ಬುದಗಳು ಬೇರೆ ಅಂಗಗಳಿಂದ ಬೆನ್ನೆಲುಬಿಗೆ ಹರಡುವ ದಾರಿಯೊಂದನ್ನು 1940ರಲ್ಲಿ ಆಸ್ಕರ್ ಬ್ಯಾಟ್ಸನ್ ತೋರಿಸಿದನು. ಕಿಬ್ಬೊಟ್ಟೆಯ ಸಿರೆಗಳಿಗೂ ಬೆನ್ನೆಲುಬಿನ ಸುತ್ತಣ ಸಿರೆಗಳಿಗೂ ಕವಾಟಗಳಿಲ್ಲದ ನೇರ ಸಂಪರ್ಕವಿದ್ದು, ರಕ್ತವು ಎರಡು ದಿಕ್ಕಿಗೂ ಹರಿಯಬಲ್ಲುದು. ಶುಕ್ಲಗ್ರಂಥಿಯ ಅರ್ಬುದವು ಪುಪ್ಪುಸವನ್ನು ಬಿಟ್ಟು ಸೊಂಟದ ಮಣಿಗೆ ಬರುವ ರಹಸ್ಯ ಇದರಿಂದ ಬಹುಮಟ್ಟಿಗೆ ಬಿಡಿಸಿತು. ಸ್ತನ, ಪುಪ್ಪುಸ, ಮೂತ್ರಪಿಂಡ, ಥೈರಾಯ್ಡುಗಳ ಅರ್ಬುದಗಳೂ ಹೀಗೆಯೇ ಮೂಳೆಗೆ ಬರತಕ್ಕವು. ಮಕ್ಕಳಲ್ಲಿ ಒಂದೇ ಮಣಿ ನಾಣ್ಯದಂತೆ ಚಪ್ಪಟೆಯಾಗುವುದನ್ನು ಫ್ರಾನ್ಸಿನ ಜಾಕ್ ಕಾಲ್ವೆ 1925ರಲ್ಲಿ ವರ್ಣಿಸಿ ಬೇರೆ ಕಾರಣ ಹೇಳಿದ್ದನು. ಅಂತಹವುಗಳಲ್ಲಿ ಇಯೋಸಿನೋಫಿಲಿಕ್ ಗ್ರಾನುಲೋಮ ಎಂಬುದು ಕಾರಣವಾಗಿರುವುದು 1954ರಲ್ಲಿ ಅಂಗಾಂಶದ ಪರೀಕ್ಷೆಯಿಂದ ತಿಳಿಯಿತು.

ಇನ್ನು ಇಂದಿನ ವಿಚಾರಣಾಕ್ರಮ. ವೈದ್ಯರು ಮೊದಲು ನೋಡುವುದು ಚಿತ್ರವನ್ನಲ್ಲ, ಕೇಳುವುದು ಕಥೆಯನ್ನು. ಭಾರವೆತ್ತಿದಾಗಲೋ ಕೆಮ್ಮಿದಾಗಲೋ ಫಕ್ಕನೆ ಬಂದು, ಮಲಗಿದರೆ ತಗ್ಗಿ, ಆರರಿಂದ ಹನ್ನೆರಡು ವಾರಗಳಲ್ಲಿ ಇಳಿಯುವ ನೋವು ಆಸ್ಟಿಯೊಪೊರೋಸಿಸಿನ ಕುಸಿತಕ್ಕೆ ಹೊಂದುತ್ತದೆ. ರಾತ್ರಿ ಮಲಗಿದಾಗಲೂ ಬಿಡದ ನೋವು, ಸಂಜೆಯ ಜ್ವರ, ಮೈ ಇಳಿಯುವುದು, ಹಿಂದೆಂದೋ ಅರ್ಬುದಕ್ಕೆ ಚಿಕಿತ್ಸೆಯಾಗಿರುವುದು, ಇವು ಬೇರೆಯ ದಾರಿಯನ್ನು ತೋರಿಸುತ್ತವೆ. ಔಷಧಗಳ ಪ್ರಶ್ನೆಯೂ ಮುಖ್ಯ. 1948ರಲ್ಲಿ ಸಂಧಿವಾತಕ್ಕೆ ಮೊದಲು ಪ್ರಯೋಗಿಸಿದ ಕಾರ್ಟಿಸೋನು ಮತ್ತು ಅದರ ಬಳಗದ ಸ್ಟೀರಾಯ್ಡುಗಳು ಮೂಳೆಯನ್ನು ತಿಂಗಳುಗಳಲ್ಲಿಯೇ ತೆಳುವಾಗಿಸಬಲ್ಲವು. ಉಬ್ಬಸಕ್ಕೆ, ಮಂಡಿನೋವಿಗೆ ಹೆಸರಿಲ್ಲದ ಪುಡಿಗಳನ್ನು ವರ್ಷಗಟ್ಟಲೆ ನುಂಗಿದವರು ತಾವು ಸ್ಟೀರಾಯ್ಡು ತಿಂದುದನ್ನೇ ಅರಿಯರು. ಕಾಲುಗಳಲ್ಲಿ ಬಲಹೀನತೆ, ತೊಡೆಸಂದಿನಲ್ಲಿ ಮರಗಟ್ಟುವಿಕೆ, ಮಲಮೂತ್ರಗಳ ಹಿಡಿತ ತಪ್ಪುವುದು ಕಂಡರೆ ಬೆನ್ನುಹುರಿ ಅಥವಾ ಅದರ ನರಗಳು ಅದುಮಲ್ಪಡುತ್ತಿವೆಯೆಂದು ಅರ್ಥ. ಆಗ ವಾರಗಳ ಮಾತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿತ್ರಗಳ ಸಾಕ್ಷ್ಯಕ್ಕೆ ಅದರದೇ ಮಿತಿಗಳಿವೆ. ಸುಮಾರು ಮೂರನೆಯ ಒಂದು ಪಾಲು ಖನಿಜ ನಷ್ಟವಾಗುವವರೆಗೆ ಸಾಮಾನ್ಯ ಕ್ಷ-ಕಿರಣದಲ್ಲಿ ಮೂಳೆ ತೆಳುವಾದಂತೆ ಕಾಣುವುದೇ ಇಲ್ಲ. ಕುಸಿತವಾದರೂ ಹೊಸತೋ ಹಳೆಯದೋ ತಿಳಿಯುವುದು ಕಷ್ಟ; ನೋವಿಲ್ಲದೆ ಕುಸಿದ ಮಣಿಗಳು ಬಹಳ. ಆದರೂ ಕೆಲವು ಗುರುತುಗಳು ಬೆಲೆಯುಳ್ಳವು. ಆಸ್ಟಿಯೊಪೊರೋಸಿಸಿನ ಕುಸಿತವು ಎದೆಯ ಭಾಗದ ನಡುವೆ ಅಥವಾ ಎದೆ-ಸೊಂಟಗಳ ಸಂಧಿಯಲ್ಲಿ ಹೆಚ್ಚು. ಎದೆಯ ನಾಲ್ಕನೆಯ ಮಣಿಗಿಂತ ಮೇಲೆ ಒಂಟಿ ಮಣಿ ಕುಸಿದಿದ್ದರೆ ಸಂಶಯಪಡಬೇಕು. ಮುಂದಿನಿಂದ ತೆಗೆದ ಚಿತ್ರದಲ್ಲಿ ಎರಡು ವೃಂತಗಳು ಗೂಬೆಯ ಎರಡು ಕಣ್ಣುಗಳಂತೆ ಕಾಣುತ್ತವೆ. ಒಂದು ಕಣ್ಣು ಮುಚ್ಚಿದ್ದರೆ ಆ ವೃಂತವನ್ನು ಅರ್ಬುದ ತಿಂದಿರಬಹುದು. ಕ್ಷಯದಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳೂ ನಡುವಣ ಗಾದಿಯೂ ಕೆಡುತ್ತವೆ, ಏಕೆಂದರೆ ಒಂದೇ ರಕ್ತನಾಳ ಕವಲೊಡೆದು ಎರಡು ಮಣಿಗಳ ಅಂಚುಗಳಿಗೂ ಹೋಗುತ್ತದೆ. ಅರ್ಬುದದಲ್ಲಿ ಗಾದಿ ಬಹುಕಾಲ ಉಳಿಯುತ್ತದೆ. ಈ ನಿಯಮಕ್ಕೂ ಅಪವಾದವುಂಟು. ಕ್ಷಯವು ಕೆಲವೊಮ್ಮೆ ಒಂದೇ ಮಣಿಯ ನಡುವೆ ಕುಳಿತು ಗಾದಿಯನ್ನು ಮುಟ್ಟದೆ ಅರ್ಬುದದ ವೇಷ ಹಾಕುತ್ತದೆ.

ಎಂ.ಆರ್.ಐ. ಚಿತ್ರವು ಮಜ್ಜೆಯನ್ನೇ ತೋರಿಸುವುದರಿಂದ ಹೆಚ್ಚು ಹೇಳಬಲ್ಲುದು. ಹೊಸ ಕುಸಿತದಲ್ಲಿ ನೀರುತುಂಬಿದ ಊತ ಕಾಣುತ್ತದೆ. ಹಳೆಯದರಲ್ಲಿ ಕೊಬ್ಬಿನ ಮಜ್ಜೆ ಮರಳಿರುತ್ತದೆ. ಮಣಿಯ ಹಿಂಗೋಡೆ ಹೊರಕ್ಕೆ ಉಬ್ಬಿ, ವೃಂತಗಳಲ್ಲಿಯೂ ಬೆನ್ನುಹುರಿಯ ಸುತ್ತಲೂ ಬೆಳವಣಿಗೆ ಕಂಡರೆ ಅರ್ಬುದದ ಕಡೆಗೆ ವಾಲುತ್ತಾರೆ. ಮಜ್ಜೆಯ ಒಂದು ಪಟ್ಟಿ ಸ್ವಸ್ಥವಾಗಿ ಉಳಿದಿದ್ದರೆ ಆಸ್ಟಿಯೊಪೊರೋಸಿಸಿನ ಕಡೆಗೆ. ಎಲುಬಿನ ಸಾಂದ್ರತೆಯ ಅಳತೆಯೂ ಉಂಟು. ಆರೋಗ್ಯವಂತ ತರುಣರ ಸರಾಸರಿಗಿಂತ ಎರಡೂವರೆ ಮಾನಕ ವಿಚಲನೆಯಷ್ಟು ಕಡಿಮೆಯಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಹಾಕಿಕೊಟ್ಟ ಗೆರೆ. ಆದರೆ ಆ ಅಂಕಿ ಮೂಳೆ ತೆಳುವಾಗಿದೆಯೆಂದು ಹೇಳುವುದೇ ಹೊರತು ಏಕೆ ತೆಳುವಾಯಿತೆಂದು ಹೇಳದು. ಮೈಲೋಮದಲ್ಲಿಯೂ, ಪ್ಯಾರಾಥೈರಾಯ್ಡಿನ ರೋಗದಲ್ಲಿಯೂ ಅದು ಅಷ್ಟೇ ಕಡಿಮೆಯಾಗಿ ಬರಬಹುದು.

ಆದುದರಿಂದಲೇ ರಕ್ತದ ಸಾಕ್ಷ್ಯವನ್ನು ಬಿಡಲಾಗದು: ರಕ್ತದ ಕೋಶಗಳ ಎಣಿಕೆ, ರಕ್ತಕಣಗಳು ತಳಕ್ಕಿಳಿಯುವ ವೇಗ, ಕ್ಯಾಲ್ಸಿಯಂ, ರಂಜಕ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಡಿ ಜೀವಸತ್ತ್ವ, ಅಗತ್ಯವಾದರೆ ಪ್ಯಾರಾಥೈರಾಯ್ಡ್ ರಸ. ರಕ್ತಹೀನತೆಯೊಡನೆ ಕ್ರಿಯಾಟಿನಿನೋ ಕ್ಯಾಲ್ಸಿಯಮೋ ಏರಿದ್ದರೆ ಮೈಲೋಮವನ್ನು ನೆನೆಯಬೇಕು. ಅದಕ್ಕೆ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಪರೀಕ್ಷೆಯೂ ಲಘುಸರಪಳಿಗಳ ಅಳತೆಯೂ ಇವೆ. ಮೂತ್ರದಲ್ಲಿ ಅದ್ದಿ ನೋಡುವ ಬಣ್ಣದ ಕಡ್ಡಿಯು ಮುಖ್ಯವಾಗಿ ಆಲ್ಬುಮಿನನ್ನು ಮಾತ್ರ ಗುರುತಿಸುತ್ತದೆ. ಬೆನ್ಸ್ ಜೋನ್ಸನ ಪದಾರ್ಥ ಧಾರಾಳವಾಗಿ ಹೋಗುತ್ತಿದ್ದರೂ ಅದು ಸುಮ್ಮನಿರಬಹುದು. ಸೀಸೆಯನ್ನು ಕಾಯಿಸಿ ನೋಡುತ್ತಿದ್ದ ಮ್ಯಾಕಿಂಟೈರನಿಗೆ ಕಂಡುದು ಇಂದಿನ ಕಡ್ಡಿಗೆ ಕಾಣದಿರುವುದು ವಿಪರ್ಯಾಸವೇ ಸರಿ.

ನಮ್ಮ ದೇಶದಲ್ಲಿ ತಪ್ಪು ಎರಡು ದಿಕ್ಕಿನಿಂದಲೂ ಆಗುತ್ತದೆ. ವೃದ್ಧರಲ್ಲಿ ಎಲ್ಲವನ್ನೂ ವಯಸ್ಸಿಗೆ ಹೊರಿಸುವುದು ಒಂದು. ಕ್ಷಯ ಹೆಚ್ಚಾಗಿರುವುದರಿಂದ ಕೆಟ್ಟ ಮಣಿಯನ್ನೆಲ್ಲ ಕ್ಷಯವೆಂದು ಬಗೆದು, ಪ್ರಮಾಣವಿಲ್ಲದೆ ತಿಂಗಳುಗಟ್ಟಲೆ ಔಷಧ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಅರ್ಬುದಕ್ಕೆ ಆ ತಿಂಗಳುಗಳ ಬಿಡುವು ಸಿಕ್ಕುತ್ತದೆ. ಕ್ಷಯದ ಹಾಗೆ ತೋರುವ ಬೇರೆ ಸೋಂಕುಗಳೂ ಇವೆ. ದನ, ಕುರಿ, ಮೇಕೆಗಳಿಂದಲೂ ಕಾಯಿಸದ ಹಾಲಿನಿಂದಲೂ ಬರುವ ಬ್ರೂಸೆಲ್ಲ ಜ್ವರದ ನೂರಾರು ರೋಗಿಗಳ ವಿವರಗಳು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ವಿಜಾಪುರದಿಂದಲೇ ಪ್ರಕಟವಾಗಿವೆ. ಆ ರೋಗವು ಸೊಂಟದ ಮಣಿಗಳಲ್ಲಿ ನೆಲಸುವುದುಂಟು. ರೋಗಿಯು ಕುರಿ ಸಾಕುವವನೇ ಎಂಬ ಪ್ರಶ್ನೆ ಅಲ್ಲಿ ಹರಟೆಯಾಗದು.

ಸಂದೇಹ ಉಳಿದಾಗ ಚಿತ್ರದ ಮಾರ್ಗದರ್ಶನದಲ್ಲಿ ಸೂಜಿ ತೂರಿಸಿ ಮಣಿಯ ತುಣುಕನ್ನು ತೆಗೆಯುತ್ತಾರೆ. ಅದನ್ನು ಎರಡು ಪಾಲುಮಾಡಿ ಒಂದನ್ನು ಅಂಗಾಂಶ ಪರೀಕ್ಷೆಗೂ ಇನ್ನೊಂದನ್ನು ಕ್ರಿಮಿಗಳ ಕೃಷಿಗೂ ಕಳುಹಬೇಕು. ಒಂದಕ್ಕೇ ಕಳುಹಿದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತದೆ. ಕ್ಷಯದ ಕ್ರಿಮಿ ಬೆಳೆಯಲು ವಾರಗಳು ಹಿಡಿದರೂ, ಜೀನ್‌ಎಕ್ಸ್‌ಪರ್ಟ್ ಎಂಬ ಪರೀಕ್ಷೆಯು ಅದರ ಗುರುತನ್ನೂ ರಿಫಾಂಪಿಸಿನ್ ಔಷಧಕ್ಕೆ ಅದು ಮಣಿಯುವುದೇ ಎಂಬುದನ್ನೂ ಕೆಲವು ಗಂಟೆಗಳಲ್ಲಿ ತಿಳಿಸುತ್ತದೆ. ರೋಗಿಯ ಸ್ಥಿತಿ ಕಾಯಲು ಅವಕಾಶ ಕೊಡುವುದಾದರೆ, ತುಣುಕು ತೆಗೆಯುವ ಮೊದಲೇ ಪ್ರತಿಜೀವಕಗಳನ್ನಾಗಲಿ ಸ್ಟೀರಾಯ್ಡುಗಳನ್ನಾಗಲಿ ಕೊಡದಿರುವುದು ಒಳ್ಳೆಯದು. ಮೊದಲನೆಯದು ಕೃಷಿಯಲ್ಲಿ ಕ್ರಿಮಿ ಬೆಳೆಯದಂತೆ ಮಾಡಬಹುದು. ಎರಡನೆಯದು ಲಿಂಫೋಮದಂತಹ ಅರ್ಬುದದ ಗುರುತನ್ನೇ ಅಳಿಸಬಹುದು. ಉತ್ಖನನ ಮಾಡುವವರು ಪದರಗಳನ್ನು ದಾಖಲು ಮಾಡದೆ ಅಗೆದಂತೆ ಅದು.

ನಮ್ಮ ಗುರುಗಳಿಗೆ ಮಜ್ಜೆಯ ಪರೀಕ್ಷೆಯಾಗಿ ಮೈಲೋಮವು ಖಚಿತವಾದ ಮೇಲೆ ಚಿಕಿತ್ಸೆ ಮೊದಲಾಯಿತು. ಮೂತ್ರಪಿಂಡಗಳ ಬಲ ಬಹುಮಟ್ಟಿಗೆ ಮರಳಿದೆ, ನೋವು ಇಳಿದಿದೆ. ಕುಸಿದ ಮಣಿ ಕುಸಿದಂತೆಯೇ ಇದೆ, ಎತ್ತರದಲ್ಲಿ ಎರಡು ಅಂಗುಲ ಹೋಗಿದೆ. ಹಿಂದಿನ ನಾಲ್ಕು ತಿಂಗಳ ಕಾಗದಗಳನ್ನೆಲ್ಲ ಅವರು ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟಿದ್ದರು. ಅವುಗಳಲ್ಲಿ ಮೊದಲ ವಾರದ ರಕ್ತಪರೀಕ್ಷೆಯದೊಂದು ಚೀಟಿ ನಮ್ಮ ಕಣ್ಣಿಗೆ ಬಿದ್ದಿತು. ಹಿಮೋಗ್ಲೋಬಿನ್ ಒಂಬತ್ತೆಂದು ಅದರಲ್ಲಿ ಅಂದೇ ಬರೆದಿದ್ದಿತು.